ಟೈಲರಜ್ಜಿಯ ಹಲ್ಲಿನ ಸೆಟ್ಟು

ಹೊಸದಾಗಿ ಬಂದ ಆಯಾಗೆ ಕೈ ಬಹಳ ಚುರುಕು. ವೃದ್ಧಾಶ್ರಮಕ್ಕೆ ಕಾಲಿಟ್ಟ ಮರುದಿನವೇ ಅಜ್ಜಿಯರೆಲ್ಲರ ಕಟ್ಟಿಸಿದ ಹಲ್ಲಿನ ಸೆಟ್ಟುಗಳನ್ನು ಒಂದೇ ಬಕೆಟ್ಟಿಗೆ ಸುರಿದು, ಸೋಪಿನ ನೀರಲ್ಲಿ ತಿಕ್ಕಿ, ಫಳಫಳ ಹೊಳೆಯುವಂತೆ ತೊಳೆದಿಟ್ಟಳು. ತೊಳೆದದ್ದೇನೋ ಸರಿ ತಾಯಿ, ಈಗ ಯಾವುದು ಯಾರದ್ದು? ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕೈಗೆ ಸಿಕ್ಕಿದ್ದನ್ನು ಎದುರಿಗೆ ಸಿಕ್ಕ ಬಾಯಿಗೆ ಹಂಚಿ ನೆಲ ಒರೆಸಲು ಹೋದಳು.

ಅಜ್ಜಿಯರು ಬೈದಾಡಿ, ಕಿತ್ತಾಡಿ, ಸಂಜೆಯ ಹೊತ್ತಿಗೆ ತಮ್ಮ ತಮ್ಮದನ್ನು ಹುಡುಕಿಕೊಂಡರು. ಟೈಲರಜ್ಜಿಗೆ ಮಾತ್ರ ತನ್ನದು ಸಿಗಲಿಲ್ಲ. ಅವಳ ಪಾಲಿಗೆ ಬಂದ ಸೆಟ್ಟು ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಅಗಿದರೆ ವಸಡಿಗೆ ಗರಗಸ ಇಟ್ಟ ಹಾಗೆ. ಮಾತಾಡಿದರೆ ಒಂದಕ್ಷರವೂ ನೆಟ್ಟಗೆ ಹೊರಬೀಳುತ್ತಿರಲಿಲ್ಲ.

ತನ್ನದು ಎಲ್ಲಿದೆಯೆಂದು ಮರುದಿನ ಬೆಳಿಗ್ಗೆಯೇ ಗೊತ್ತಾಯಿತು. ಪಕ್ಕದ ಮಂಚದ ಹೆಡ್‌ಮೇಡಂ, ಯಾವುದೋ ಶಾಲೆಯನ್ನು ಬೆತ್ತದಲ್ಲೇ ಆಳಿದವಳು, ಅಷ್ಟು ದಿನ ಗಂಜಿ ಕುಡಿದು ಗೊಣಗುತ್ತಿದ್ದವಳು, ಅಂದು ಸೇಬು ಕಡಿದು ತಿನ್ನುತ್ತಿದ್ದಳು. ಮುಂದಿನ ಹಲ್ಲಲ್ಲಿ ಸಣ್ಣದೊಂದು ಕಚ್ಚು. ವರ್ಷಗಟ್ಟಲೆ ದಾರ ತುಂಡರಿಸಿ ಟೈಲರಜ್ಜಿಯೇ ಬೀಳಿಸಿದ ಕಚ್ಚು!

ಟೈಲರಜ್ಜಿ ಆಯಾಳನ್ನು ಎಳೆದುತಂದು ಬೆರಳು ಮಾಡಿ ತೋರಿಸಿದಳು. "ಇದು ನಂದೇ" ಎಂದಳು ಹೆಡ್‌ಮೇಡಂ.

"ಹೆಡ್‌ಮೇಡಂ ಸುಳ್ಳು ಹೇಳ್ತಾರಾ? ಅಷ್ಟು ಓದಿದೋರು! ಸುಮ್ನಿರಿ ಅಜ್ಜಿ" ಎಂದು ಆಯಾ ಹೊರಟುಹೋದಳು.

ಅವಳು ಹೋದದ್ದೇ ತಡ, ಹೆಡ್‌ಮೇಡಂ ಇತ್ತ ವಾಲಿ ಮೆಲ್ಲಗೆ ಅಂದಳು: "ನಿಂದೇ ಕಣೇ. ಹಾಕ್ಕೊಂಡ ತಕ್ಷಣ ಗೊತ್ತಾಯ್ತು. ಆದ್ರೆ ನಿಂಗ್ಯಾಕೆ ಹಲ್ಲು? ನಿನ್ನ ಮಾತು ಕೇಳೋಕೆ ಯಾರಿದಾರೆ?"

ಮಗಳು ನೋಡಲು ಬಂದಾಗ ಟೈಲರಜ್ಜಿ ಕಣ್ಣೀರು ಹಾಕಿ, ಸೆಟ್ಟು ತೆಗೆದು ವಸಡಿನ ಹುಣ್ಣು ತೋರಿಸಿದಳು.

"ಅಮ್ಮಾ, ನಿಂದು ಬರೀ ಹಟ. ಇಷ್ಟು ವರ್ಷ ಇಲ್ಲದ್ದು ಈಗೇನು? ಅಭ್ಯಾಸ ಮಾಡ್ಕೋಬೇಕು" ಎಂದು ಮಗಳು ಅದನ್ನು ತಾನೇ ಒತ್ತಿ ಕೂರಿಸಿ, ಗಡಿಯಾರ ನೋಡಿಕೊಂಡು ಎದ್ದಳು.

ಕದಿಯೋಣವೆಂದರೆ ಹೆಡ್‌ಮೇಡಂ ಮಲಗುವಾಗಲೂ ಬಾಯಿಂದ ತೆಗೆಯಳು. ಹಾಗಾಗಿ ಟೈಲರಜ್ಜಿ ಅವಳ ಸಾವಿಗೆ ಕಾದಳು. ನಾಚಿಕೆಯಿಲ್ಲದೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಪಕ್ಕದ ಮಂಚದಲ್ಲಿ ಕೆಮ್ಮು ಜೋರಾದ ದಿನ ಅವಳಿಗೆ ಗಂಜಿಯೂ ರುಚಿಸುತ್ತಿತ್ತು.

ಹೀಗೆ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟ ಮುಗಿಸಿ ಕುರ್ಚಿಯಲ್ಲಿ ಕೂತಿದ್ದ ಹೆಡ್‌ಮೇಡಂ ಹಾಗೇ ತಲೆ ವಾಲಿಸಿದಳು. ಆಯಾ ಮೂಗಿನ ಹತ್ತಿರ ಕೈ ಹಿಡಿದು ನೋಡಿ, "ಅಯ್ಯೋ, ಹೋಗ್ಬಿಟ್ರು!" ಎಂದು ಫೋನ್ ಮಾಡಲು ಓಡಿದಳು. ಟೈಲರಜ್ಜಿ ಬಾಗಿಲು ಹಾಕಿದಳು. ಬಾಯಿ ಇನ್ನೂ ಬೆಚ್ಚಗಿತ್ತು. ಎರಡು ಬೆರಳು ತೂರಿಸಿ ತನ್ನದನ್ನು ಕಿತ್ತುಕೊಂಡು, ಆ ಹಾಳು ಸೆಟ್ಟನ್ನು ಸತ್ತವಳ ಬಾಯಿಗೆ ತುರುಕಿದಳು.

"ತಗೋ, ಅಭ್ಯಾಸ ಮಾಡ್ಕೋ."

ಮಗ ಬಂದವನು ಬೆಚ್ಚಿಬಿದ್ದ. "ಅಮ್ಮನ ಬಾಯಿ ಯಾಕೆ ಹೀಗೆ ಸೊಟ್ಟಗಾಗಿದೆ?"

"ಸತ್ತ ಮೇಲೆ ಹಾಗೇ ಆಗತ್ತೆ ಸಾರ್" ಎಂದಳು ಆಯಾ. ಸಂಜೆಯೊಳಗೆ ಹೆಣ ಸಾಗಿಸಿದರು.

ಆಮೇಲೆ ಟೈಲರಜ್ಜಿ ನಲ್ಲಿಯಲ್ಲಿ ಸೆಟ್ಟು ತೊಳೆದು, ಹೊಸ ಸೀರೆ ಉಡುವವಳ ಸಡಗರದಲ್ಲಿ ಬಾಯಿಗಿಟ್ಟಳು. ನಾಲಿಗೆ ಹುಡುಕಿಕೊಂಡು ಹೋಗಿ ಆ ಕಚ್ಚನ್ನು ಮುಟ್ಟಿತು. ಹೌದು, ತನ್ನದೇ! ಊಟದ ಮೇಜಿಗೆ ಹೋಗಿ, "ನಂಗೆ ಬ್ರೆಡ್ಡು ಕೊಡು" ಎನ್ನಲು ಬಾಯಿ ತೆರೆದಳು. ಮೇಲಿನ ಸಾಲು ಕಳಚಿ ತಟ್ಟೆಗೆ ಬಿತ್ತು. ಎತ್ತಿ ಒತ್ತಿದಳು. ಮತ್ತೆ ಬಿತ್ತು. ವರ್ಷವಿಡೀ ಬೇರೆಯವಳ ಸೆಟ್ಟು ಅರೆದು ಅರೆದು ಅವಳ ವಸಡು ಸವೆದು ಚಪ್ಪಟೆಯಾಗಿತ್ತು. ಕಚ್ಚಿ ಹಿಡಿಯಲು ಅಲ್ಲೇನೂ ಉಳಿದಿರಲಿಲ್ಲ.

ಆಯಾ ಗಂಜಿಯ ಬಟ್ಟಲು ಮುಂದಿಟ್ಟು ಹೇಳಿದಳು: "ಅಭ್ಯಾಸ ಮಾಡ್ಕೋಬೇಕು ಅಜ್ಜಿ."