ಗುರುವಾರದ ಕೋಟು

"ಏನೇ, ಸ್ಕೂಲಿಂದ ಕರೆದ್ರಾ?"

ಟೈಲರಕ್ಕ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅಮ್ಮ ಒಪ್ಪವಾಗಿ ತಲೆ ಬಾಚಿ, ನೀಲಿ ಕೋಟು ತೊಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುವುದನ್ನು ನೋಡಬೇಕಾಗುತ್ತಿತ್ತು. ಇದು ಆರನೇ ಗುರುವಾರ.

"ಕರೀತಾರಮ್ಮ. ಸರದಿ ಬರ್ಬೇಕಲ್ಲ."

"ಬರಲಿ, ಬರಲಿ. ಆ ಹಾಳು ಸರದಿ ಕುಂಟ್ಕೊಂಡು ಬರ್ತಿದೆಯೇನೋ."

ಟೈಲರಕ್ಕನ ಮಗಳು ಪುಟ್ಟಿಯ ಶಾಲೆಯಲ್ಲಿ ಬೆಳಗಿನ ಪಾಠವೆಲ್ಲ ಮನೆಮಾತಿನಲ್ಲಿ, ಊಟದ ನಂತರದ್ದು ಅವರು ಬಂದು ನೆಲೆಸಿದ ಊರಿನವರ ಮಾತಿನಲ್ಲಿ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಗುತ್ತೆ ಎಂದು ಅಕ್ಕಪಕ್ಕದವರು ಹೆದರಿಸಿದರೂ ಟೈಲರಕ್ಕ ಹಟ ಹಿಡಿದು ಸೇರಿಸಿದ್ದಳು. ವರ್ಷ ತುಂಬುವುದರೊಳಗೆ ಮಗು ಎರಡನ್ನೂ ಓದತೊಡಗಿತು. ಅಂಗಡಿ ಬೋರ್ಡು, ಔಷಧಿ ಬಾಟಲಿ, ಬಿದ್ದಿದ್ದ ಕಾಗದದ ಚೂರು, ಕಂಡದ್ದನ್ನೆಲ್ಲ ಅಜ್ಜಿಗೆ ಓದಿ ಹೇಳುವುದೇ ಅವಳ ಆಟ. ಗುರುವಾರ ಬೆಳಗ್ಗೆ ಮಾತ್ರ ತರಗತಿಗೆ ಯಾರಾದರೊಬ್ಬರ ಅಜ್ಜಿಯೋ ತಾತನೋ ಬಂದು ಮನೆಮಾತಿನಲ್ಲಿ ಕಥೆ ಹೇಳಬೇಕು. ಸುದ್ದಿ ಕೇಳಿದ ದಿನವೇ ಅಜ್ಜಿ ಕೋಟಿನ ಬಟ್ಟೆ ಆರಿಸಿದ್ದಳು. ಟೈಲರಕ್ಕನೂ ಖುಷಿಯಿಂದ, ಎರಡೆರಡು ಸಲ ಹೊಲಿಗೆ ಹಾಕಿ ಹೊಲಿದುಕೊಟ್ಟಿದ್ದಳು.

ಆಮೇಲೆ ಬಂತು ನೋಡಿ ಪೋಷಕರ ಸಭೆ. ಹೆಡ್‌ಮಾಸ್ಟರರ ಭಾಷಣದ ನಡುವೆ ಅಜ್ಜಿ, "ಈ ಮಹಾರಾಯ ಬಾಯಿ ಮುಚ್ಚಿದ್ರೆ ಉಚ್ಚೆಗಾದ್ರೂ ಹೋಗ್ಬಹುದಿತ್ತು" ಅಂದುಬಿಟ್ಟಳು. ಸಭೆಗೆ ಸಭೆಯೇ ಘೊಳ್ಳೆಂದಿತು. ಟೈಲರಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆತ್ತವಳ ಬಾಯಿಗೆ ನಾಚಿದಳು, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಯಾರ ಮನೆಯಿಂದ ಯಾರು ಬರುತ್ತಾರೆ ಎಂದು ಕೇಳಿ ಟೀಚರು ಕಳಿಸಿದ್ದ ಚೀಟಿಗೆ ಅಂದೇ ಉತ್ತರ ಬರೆದು ಪುಟ್ಟಿಯ ಚೀಲಕ್ಕೆ ಹಾಕಿದಳು: "ನಮ್ಮ ಮನೆಯಲ್ಲಿ ಅಜ್ಜಿ ಇಲ್ಲ."

ಈ ಗುರುವಾರ ಸಂಜೆ ಪುಟ್ಟಿಯನ್ನು ಕರೆತರಲು ಹೋದಾಗ ಟೀಚರು ಗೇಟಿನ ಹತ್ತಿರ ಸಿಕ್ಕರು.

"ಬರೋ ಗುರುವಾರಾನೇ ಕೊನೇದು. ಬರಬೇಕಾಗಿದ್ದ ತಾತನಿಗೆ ಜ್ವರ ಅಂತೆ. ನಿಮ್ಮ ಪುಟ್ಟಿ ಪಾಪ, ಯಾವಾಗ್ಲೂ ಅಜ್ಜಿ ಅಜ್ಜಿ ಅಂತಿರ್ತಾಳೆ. ತೀರಿಕೊಂಡವರ ವಿಷಯ ಕೆದಕಬಾರದು ಅಂತ ನಾನು ಸುಮ್ಮನಾಗ್ತೀನಿ."

ತೀರಿಕೊಂಡವರು!

"ಇದ್ದಾರೆ ಟೀಚರ್. ನಮ್ಮಮ್ಮ ಇದ್ದಾರೆ. ಗುಂಡುಕಲ್ಲಿನ ಹಾಗಿದ್ದಾರೆ. ನಾನೇ... ನಾನೇ ಹಾಗೆ ಬರೆದುಬಿಟ್ಟೆ."

ಟೀಚರು, "ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ" ಎಂದರು.

ಟೈಲರಕ್ಕ ಪುಟ್ಟಿಯ ಕೈ ಹಿಡಿದು ಓಡಿದಂತೆಯೇ ಮನೆಗೆ ಬಂದಳು. ಅಜ್ಜಿ ಇನ್ನೂ ಅದೇ ಕುರ್ಚಿಯಲ್ಲಿದ್ದಳು.

"ಅಮ್ಮಾ, ಕರೆದ್ರು! ಬರೋ ಗುರುವಾರ ನಿನ್ನದೇ ಸರದಿ!"

ಪುಟ್ಟಿ ಒಳಕ್ಕೆ ಹೋದ ಮೇಲೆ ಅಜ್ಜಿ ಕೋಟಿನ ಗುಂಡಿ ಬಿಚ್ಚತೊಡಗಿದಳು. "ಬೇಡ ಬಿಡೇ. ಇಲ್ಲದವಳು ಹೋಗಿ ಕಥೆ ಹೇಳಿದ್ರೆ ಮಕ್ಕಳು ಹೆದರ್ಕೋತಾವೆ."

"ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳ್ಲಿಲ್ಲ. ಮಗು ಓದಿದ್ಲು. ನೀನು ಬರೆದ ಸಾಯಂಕಾಲವೇ ಚೀಲದಿಂದ ತೆಗೆದು, ಒಂದಕ್ಷರ ತಪ್ಪದೆ ಓದಿದ್ಲು ಕಣೇ. 'ಅಜ್ಜಿ, ಅಮ್ಮ ತಪ್ಪು ಬರ್ದಿದಾಳೆ, ನೀನಿದ್ದೀಯಲ್ಲ' ಅಂತ ನಕ್ಕಳು. ನಾನೂ ನಕ್ಕೆ."

"ಮತ್ತೆ ವಾರ ವಾರ ಕೋಟು ಹಾಕ್ಕೊಂಡು ಕೂತಿರ್ತಿದ್ದೆ..."

"ನೀನಾಗೇ ಹೇಳ್ತೀಯೇನೋ ಅಂತ."

"ತಪ್ಪಾಯ್ತಮ್ಮ. ಹೊಟ್ಟೆಗೆ ಹಾಕ್ಕೋ. ಒಂದೇ ಒಂದು ಸಲ ಬಾ."

ಇನ್ನು ಬೈಯುತ್ತಾಳೆ ಎಂದು ಟೈಲರಕ್ಕ ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತಿಗೊಂದು ಬೈಗುಳ ಪೋಣಿಸುವ ಆ ಬಾಯಿಂದ ಒಂದೂ ಬರಲಿಲ್ಲ. ಅಜ್ಜಿ ಕೋಟನ್ನು ಮಡಿಸಿ ಮೆಷಿನ್ನಿನ ಮೇಲಿಟ್ಟಳು.

"ಬಿಚ್ಚಿ ಮಗುಗೊಂದು ಫ್ರಾಕು ಹೊಲಿ. ಬಟ್ಟೆ ಇನ್ನೂ ಹೊಸದು."

ಒಳಗೆ ಪುಟ್ಟಿ ಔಷಧಿ ಬಾಟಲಿಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಜ್ಜಿ ಎದ್ದು ಅವಳ ಬಳಿಗೆ ಹೋದಳು. ಟೈಲರಕ್ಕ ಬ್ಲೇಡು ಹಿಡಿದು ಕೋಟಿನ ತೋಳನ್ನು ತಿರುವಿದಳು. ತಾನೇ ಹಾಕಿದ ಹೊಲಿಗೆ, ಎಲ್ಲಿ ಹುಡುಕಿದರೂ ದಾರದ ತುದಿ ಕಾಣಲಿಲ್ಲ.