ಏಳನೇ ನಂಬರಿನ ಕೋಶಗಳು

"ಅಬ್ಬಾ, ಫೋಟೋದಲ್ಲಿ ರೋಗ ಎಷ್ಟು ಚೆನ್ನಾಗಿ ಕಾಣ್ತಿದೆ! ಯಾವ ರೋಗಿಯದಮ್ಮ ಇದು?" ಎಂದು ಮೇಡಂ ಕಂಪ್ಯೂಟರಿನ ಪರದೆಯತ್ತ ಬಗ್ಗಿದರು.

ಆ ಲ್ಯಾಬಿನಲ್ಲಿ ಅವರ ಬಾಯಿಂದ ಹೊಗಳಿಕೆ ಬೀಳುವುದು ಅಪರೂಪ. ಆದರೆ ಟೆಕ್ನಿಷಿಯನ್ ಹೆಂಗಸು ಫೋಟೋದ ಕೆಳಗಿನ ನಂಬರನ್ನು ಇನ್ನೊಮ್ಮೆ ಓದಿದಳು. ಅದು ಯಾವ ರೋಗಿಯದೂ ಅಲ್ಲ. ಆರೋಗ್ಯವಂತರ ಸಾಲಿನ ಏಳನೇ ನಂಬರು.

ರಕ್ತದಿಂದ ಹೃದಯದ ಜೀವಕೋಶ ಬೆಳೆಸುವುದು ಅವಳ ಕೆಲಸ. ಹಸುಗೂಸನ್ನು ಸಾಕಿದಂತೆ ವಾರಗಟ್ಟಲೆ ಸಾಕಬೇಕು. ತಟ್ಟೆಗೆ ಹಾಕಿದ ಹೊಸತರಲ್ಲಿ ಒಂದೊಂದು ಕೋಶವೂ ತನ್ನ ಪಾಡಿಗೆ ತಾನು ಮಿಡಿಯುತ್ತದೆ. ಒಂದಕ್ಕೊಂದು ಅಂಟಿಕೊಂಡ ಮೇಲೆ ಅಂಚಿನ ಕಿಂಡಿಗಳಲ್ಲಿ ಸುದ್ದಿ ದಾಟಿ, ನಾಲ್ಕೈದು ದಿನಕ್ಕೆ ಇಡೀ ತಟ್ಟೆ ಒಟ್ಟಿಗೆ ಮಿಡಿಯತೊಡಗುತ್ತದೆ. ಸುದ್ದಿ ದಾಟದಿದ್ದರೆ ಹೃದಯ ತಾಳ ತಪ್ಪುತ್ತದೆ, ದುಡಿದಷ್ಟೂ ಸೋಲುತ್ತದೆ. ಎಷ್ಟೋ ಸಲ ಅದು ಮನೆತನದಲ್ಲೇ ಹರಿದು ಬರುವ ಕಾಯಿಲೆ. ರೋಗಿಗಳ ಕೋಶಗಳ ಜೊತೆ ಹೋಲಿಸಲು ಗಟ್ಟಿಮುಟ್ಟಾದವರದೂ ಬೇಕಲ್ಲ? ಅದಕ್ಕೆ ಲ್ಯಾಬಿನವರೆಲ್ಲ ತಂತಮ್ಮ ಮನೆಯ ಒಬ್ಬೊಬ್ಬರ ರಕ್ತ ಕೊಡಿಸುವುದು ಅಲ್ಲಿನ ವಾಡಿಕೆ. ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಅವಳು ಕೊಡಿಸಿದ್ದು ತಮ್ಮನದು. ಮನೆ ಸಾಮಾನು ಸಾಗಿಸುವವನು. ಫ್ರಿಜ್ಜನ್ನು ಒಬ್ಬನೇ ಬೆನ್ನ ಮೇಲೆ ಹೊರುವ ಆಳು. ಮನೆಯಲ್ಲಿ ಅವನನ್ನು ಕರೆಯುವುದೇ ಗುಂಡುಕಲ್ಲು ಎಂದು.

ಆ ಗುಂಡುಕಲ್ಲಿನ ಕೋಶಗಳು ಒಟ್ಟಿಗೆ ಮಿಡಿಯಲೇ ಇಲ್ಲ. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು, ಒಂದು ಏರಿಗೆ ಇನ್ನೊಂದು ನೀರಿಗೆ. ಕೆಟ್ಟಿದೆಯೆಂದು ಬ್ಲೀಚು ಸುರಿದು ಚೆಲ್ಲಿದಳು. ಎರಡನೇ ಸಲವೂ ಚೆಲ್ಲಿದಳು, ಮೂರನೇ ಸಲವೂ ಚೆಲ್ಲಿದಳು. ಸ್ಯಾಂಪಲ್ಲೇ ಸರಿಯಿಲ್ಲ ಎಂದದ್ದಕ್ಕೆ ಮೇಡಂ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೆದುರು ನಕ್ಕಿದ್ದರು. ಅವಳಿಗೂ ರೋಷ ಬಂತು. ನಾಲ್ಕನೆಯದಕ್ಕೆ ಬಣ್ಣ ಹಾಕಿ ಫೋಟೋ ತೆಗೆದಳು. ಕೋಶಗಳ ಅಂಚಿಗೆ ಗೆರೆ ಎಳೆದಂತೆ ಕಾಣಬೇಕಿದ್ದ ಹಸಿರು ಚುಕ್ಕೆಗಳು, ಅಂದರೆ ಆ ಕಿಂಡಿಗಳು, ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಈಗ ಪರದೆಯ ಮೇಲಿದ್ದದ್ದು ಅದೇ ಫೋಟೋ.

"ಇದು ನನ್ನ ತಮ್ಮ, ಮೇಡಂ."

ಮೇಡಂ ಕನ್ನಡಕ ತೆಗೆದರು. ಬರೀ ತಟ್ಟೆ ನೋಡಿ ಹೇಳೋ ವಿಷಯ ಅಲ್ಲ, ಹೃದಯದ ಪರೀಕ್ಷೆ ಆಗಬೇಕು ಎಂದು ಸಮಾಧಾನ ಹೇಳುತ್ತಲೇ ಆಸ್ಪತ್ರೆಯ ಡಾಕ್ಟರಿಗೆ ತಾವೇ ಫೋನು ಹಚ್ಚಿದರು. ಹೊರಗೆ ಓಡುತ್ತಿದ್ದವಳಿಗೆ, ಮೊದಲು ಅವನು ಭಾರ ಎತ್ತುವುದನ್ನು ನಿಲ್ಲಿಸು ಎಂದು ಕೂಗಿ ಹೇಳಿದರು.

ಐದು ತಿಂಗಳು! ಐದು ತಿಂಗಳಿಂದ ಆ ಕೋಶಗಳು ಬಾಯಿ ಬಡಿದುಕೊಳ್ಳುತ್ತಿದ್ದರೆ ಅವಳು ಬ್ಲೀಚು ಸುರಿಯುತ್ತ ಕೂತಿದ್ದಳು. ತಮ್ಮ ಫೋನು ಎತ್ತಲಿಲ್ಲ. ಅವತ್ತು ಅವನು ಸಾಮಾನು ಸಾಗಿಸುತ್ತಿದ್ದ ಮನೆಯ ವಿಳಾಸವನ್ನು ಅವನ ಆಫೀಸಿನವರಿಂದ ತೆಗೆದುಕೊಂಡು ಟ್ಯಾಕ್ಸಿ ಹತ್ತಿದಳು. ಆ ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೂರನೇ ಮಹಡಿಯ ಮೆಟ್ಟಿಲಲ್ಲಿ ಅವನು ಸಿಕ್ಕಿದ, ಬೆನ್ನ ಮೇಲೆ ಫ್ರಿಜ್ಜು.

"ಇಳಿಸು."

"ಏನಕ್ಕಾ, ಇಲ್ಲಿಗೆ ಬಂದ್ಬಿಟ್ಟೆ? ಇರು, ಇನ್ನೊಂದೇ ಮಹಡಿ."

"ಇಳಿಸೋ. ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕನ ಬಾಯಲ್ಲಿ ಇಂಥ ಮಾತು ಕೇಳಿ ಅವನು ಬೆಪ್ಪಾದ. ಫ್ರಿಜ್ಜನ್ನು ಮೆಲ್ಲಗೆ ಇಳಿಸಿ ಗೋಡೆಗೆ ಒರಗಿಸಿದ. ಅವಳು ತಡವರಿಸುತ್ತ ಎಲ್ಲ ಹೇಳಿದಳು. ಅವನು ನಗಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಹೋದ ತಿಂಗಳು ಎರಡು ಸಲ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲೆ ಬಂದಿತ್ತಂತೆ. ಕೆಲಸದಿಂದ ತೆಗೆದಾರೆಂದು ಯಾರಿಗೂ ಹೇಳಿರಲಿಲ್ಲವಂತೆ. ಅವನ ಭುಜಕ್ಕೆ ಎರಡೇಟು ಹಾಕಿ ಅವಳು ಅತ್ತುಬಿಟ್ಟಳು.

ಅವನು ಟವಲಿನಿಂದ ಅವಳ ಹಣೆಯ ಬೆವರು ಒರೆಸಿದ.

"ಅಲ್ಲಕ್ಕಾ, ಅವತ್ತು ನೀನ್ಯಾಕೆ ನಿಂದೇ ರಕ್ತ ಕೊಡ್ಲಿಲ್ಲ?"

"ನಂಗೆ ಮೊದಲಿಂದ್ಲೂ ಸುಸ್ತು ಅಲ್ವೇನೋ. ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳತ್ತೆ. ಅವರಿಗೆ ಗಟ್ಟಿ ಇರೋರು ಬೇಕಿತ್ತು, ಅದಕ್ಕೇ..."

ಅವಳ ಕೈ ತನ್ನ ಎದೆಗೇ ಹೋಯಿತು. ಮೆಟ್ಟಿಲು ಹತ್ತಿ ಬಂದು ಕಾಲು ಗಂಟೆಯಾದರೂ ಅವಳ ಏದುಸಿರು ಇಳಿದಿರಲಿಲ್ಲ. ತಮ್ಮ ಅವಳ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದ, ತಾನೂ ಪಕ್ಕದಲ್ಲಿ ಕೂತ. ಇನ್ನೂ ಎಷ್ಟು ಹೊತ್ತಪ್ಪಾ ಎಂದು ಮೇಲಿನಿಂದ ಫ್ರಿಜ್ಜಿನ ಮನೆಯವರು ಕರೆಯುತ್ತಿದ್ದರು. ಇಬ್ಬರೂ ಏಳಲಿಲ್ಲ.