ಸೌತೆಕಾಯಿ ಕುದುರೆ

"ಎಲೆ ತೆಗಿ ಅಂದ್ರೆ ತೆಗಿ! ಎಡೆ ಇಡಾಕೆ ಇದೇನು ಅವರ ಮನೆಯೇನೋ? ನಿಮ್ಮಪ್ಪ ಈ ಗುಡ್ಡ ಹತ್ತಿದ್ದೇ ಇಲ್ಲ. ದಾರಿ ಹೆಂಗೆ ಗೊತ್ತಾಗ್ತದೆ?"

ಅವ್ವ ಕೆರಿಯಮ್ಮ ಬಾಳೆಲೆಯನ್ನು ಆಚೆ ತಳ್ಳಿದಳು. ನನಗೂ ಸಿಟ್ಟು ನೆತ್ತಿಗೇರಿತು.

"ಹಂಗಾರೆ ಹಿರಿಯರು ಉಪವಾಸ ಬೀಳ್ಲಿ ಬಿಡು! ಕೋಳಿ ಕೊಯ್ದಿದ್ದು ಎಂತಕ್ಕೆ?"

ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ನಮ್ಮ ಮನೆ, ಗದ್ದೆ, ಗದ್ದೆಯಂಚಿನಲ್ಲಿ ಅಪ್ಪನನ್ನು ಹೂತ ಜಾಗ ಎಲ್ಲ ಮುಳುಗಿದವು. ಮೇಲಿನ ಗುಡ್ಡದಲ್ಲಿ ಮನೆ ಕಟ್ಟಿಕೊಂಡೆವು. ಇಲ್ಲಿ ಇದು ಮೊದಲ ಹಿರಿಯರ ಹಬ್ಬ. ಮನೆಗೆ ಹಿರಿಯಳು ಎಡೆ ಇಡದೆ ಯಾರೂ ಅನ್ನ ಮುಟ್ಟುವಂತಿಲ್ಲ.

ಜಗಲಿಯಲ್ಲಿ ಊಟಕ್ಕೆ ಕರೆದ ಇಬ್ಬರು ಕೂತಿದ್ದರು. ಒಬ್ಬ ಗ್ರಾಮಸೇವಕ ಮಹಾಗಣಪತಿ, ಇನ್ನೊಬ್ಬ ಭತ್ತದ ಸಾಲು ನಾಟಿ ಹೇಳಿಕೊಡಲು ಬಂದಿದ್ದ ಜಪಾನಿನ ನಿಶಿದಾ. ಜಗಳ ಯಾಕೆಂದು ಮಹಾಗಣಪತಿ ಇಂಗ್ಲಿಷಿನಲ್ಲಿ ತಿಳಿಸಿದ. ನಿಶಿದಾ ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ನಾಲ್ಕು ಕಡ್ಡಿ ಚುಚ್ಚಿ ನಿಲ್ಲಿಸಿದ. ಬದನೆಕಾಯಿಗೂ ಹಾಗೆಯೇ ಮಾಡಿದ.

"ಅವರಲ್ಲೂ ಹಿರಿಯರ ಹಬ್ಬ ಉಂಟಂತೆ ಕೆರಿಯಮ್ಮ," ಎಂದ ಮಹಾಗಣಪತಿ. "ಸೌತೆಕಾಯಿ ಕುದುರೆ, ಸತ್ತವರು ಬೇಗ ಬರ್ಲಿ ಅಂತ. ಬದನೆಕಾಯಿ ಎತ್ತು, ಹೋಗುವಾಗ ನಿಧಾನ ಹೋಗ್ಲಿ ಅಂತ. ಬಾಗಿಲಲ್ಲಿ ಬೆಂಕಿ ಹಾಕಿ ದಾರಿ ತೋರಿಸ್ತಾರಂತೆ. ಊರೆಲ್ಲ ಸುತ್ತ ಕುಣೀತಾರಂತೆ. ಬಂದ ನೆಂಟರಿಗೆ ಖುಷಿ ಆಗ್ಬೇಕಲ್ಲ!"

"ಕೊಟ್ಟಿಗೆ ಇಲ್ದ ಮನೆಗೆ ಎತ್ತು ಬಂತು ನೋಡಿ," ಎಂದಳು ಒಳಗಿನಿಂದ ನನ್ನ ಹೆಂಡತಿ ವಿಶಾಲಮ್ಮ.

ಅವ್ವ ನಗಲಿಲ್ಲ. "ಮನೆ ಹೋದೋರು ಎಂತ ಮಾಡ್ತಾರಂತೆ? ಕೇಳಿ ಅಯ್ಯಾ."

ಮಹಾಗಣಪತಿ ಅದನ್ನು ಇಂಗ್ಲಿಷಿನಲ್ಲಿ ಕೇಳಿದ. ನಿಶಿದಾ ಮೆಲ್ಲಗೆ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದ.

"ಯುದ್ಧದಲ್ಲಿ ಅವರ ಮನೆ ಸುಟ್ಟುಹೋಯ್ತಂತೆ. ಅವರ ತಾಯಿ ಲಾಟೀನು ಹಿಡ್ಕೊಂಡು ಗೋರಿ ಹತ್ರ ಹೋಗಿ, ಬನ್ನಿ ಅಂತ ಕರೆದು, ಹೊಸ ಮನೆಗೆ ಕರ್ಕೊಂಡು ಬಂದ್ರಂತೆ."

ನನಗೆ ಜೀವ ಬಂತು. "ಕೇಳಿದ್ಯಾ? ಕರೆದ್ರೆ ಬರ್ತಾರೆ. ಬಾಗಿಲಲ್ಲಿ ನಿಂತು ಒಂದು ಸಲ ಕರಿ, ಮುಗೀತು."

"ಬಾಗಿಲಲ್ಲಲ್ಲ ಕಣೋ. ಆಯಮ್ಮ ಹೂತ ಜಾಗಕ್ಕೆ ಹೋಗಿದ್ಲು."

"ಆ ಜಾಗ ನೀರಡಿ ಐತಲ್ಲೇ!"

"ಅವರೂ ಅಲ್ಲೇ ಅವ್ರೆ."

ಹಗಲು ಬೆಳಕಿನಲ್ಲೇ ಅವಳು ಲಾಟೀನು ಹಚ್ಚಿದಳು. ನಿಶಿದಾ ಎದ್ದು ಕೈ ಅಡ್ಡ ಹಿಡಿದು ತನ್ನ ಭಾಷೆಯಲ್ಲಿ ಏನೇನೋ ಬೇಡಿಕೊಂಡ. ಅವಳು ಅವನ ತೋಳು ಸವರಿ ಅಂಗಳಕ್ಕಿಳಿದಳು.

"ಹೋಗು! ಮೀನು ಕರ್ಕಂಡು ಬಾ!" ಎಂದು ಕೂಗಿದೆ. ನೀರಿನ ಅಂಚು ಕಂಡರೆ ಹಿಂದಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ.

ಕಡುಬು ತಣ್ಣಗಾಯಿತು. ಅವ್ವ ಬರಲಿಲ್ಲ. ಇಳಿದು ಓಡಿದೆವು. ನಮ್ಮ ಹಳೆಯ ಗಾಡಿದಾರಿ ಇಳಿಜಾರಿನಲ್ಲಿ ನೇರವಾಗಿ ಹೋಗಿ ನೀರಿನೊಳಕ್ಕೆ ಸೇರಿತ್ತು. ಆಚೆ ದಡದವರೆಗೂ ನೀರು; ಅವ್ವ ಎಲ್ಲೂ ಇರಲಿಲ್ಲ. ಕರೆಯಬೇಕಾದದ್ದು ಯಾರನ್ನು, ಯಾವ ಕಡೆಗೆ ಮುಖ ಮಾಡಿ ಎಂದು ತಿಳಿಯಲಿಲ್ಲ. ಆದರೂ ಗಂಟಲು ಬೀಳುವವರೆಗೆ ಅವ್ವಾ ಎಂದು ಕೂಗಿದೆ.